ಎಂಟೂವರೆ ಕ್ವಿಂಟಲ್ ಕಡಲೆಗೆ ಒಂದು ಲ್ಯಾಪ್‌ಟಾಪ್

ಕಡಲೆ ರಾಶಿ ಮುಗಿದು ಚೀಲಗಳು ಎಪಿಎಂಸಿಗೆ ಹೋಗುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆಗಳಲ್ಲಿ ವರ್ಷದ ದೊಡ್ಡ ಖರ್ಚುಗಳ ಮಾತು ಶುರುವಾಗುತ್ತದೆ. ಬೀಜ-ಗೊಬ್ಬರದ ಬಾಕಿ, ಸೊಸೈಟಿ ಸಾಲ, ಅಕ್ಕನ ಮದುವೆ, ಸೋರುವ ಮಾಳಿಗೆ. ಈಚಿನ ವರ್ಷಗಳಲ್ಲಿ ಆ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ: ಬಿಇ ಸೇರಿದ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್.

2026-27ರ ಹಿಂಗಾರು ಮಾರಾಟ ಋತುವಿಗೆ ಕೇಂದ್ರ ಸರ್ಕಾರ ಕಡಲೆಗೆ ಘೋಷಿಸಿರುವ ಬೆಂಬಲ ಬೆಲೆ ಕ್ವಿಂಟಲ್‌ಗೆ 5,875 ರೂಪಾಯಿ. ಐವತ್ತು ಸಾವಿರದ ಲ್ಯಾಪ್‌ಟಾಪ್ ಎಂದರೆ ಎಂಟೂವರೆ ಕ್ವಿಂಟಲ್ ಕಡಲೆ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ. ಆ ಐವತ್ತು ಸಾವಿರದೊಳಗೆ ಶೇ 18ರ ಜಿಎಸ್‌ಟಿಯೇ ಸುಮಾರು 7,600 ರೂಪಾಯಿ. ಒಂದೂಕಾಲು ಕ್ವಿಂಟಲ್‌ಗೂ ತುಸು ಹೆಚ್ಚು ಕಡಲೆ ನೇರ ತೆರಿಗೆಗೆ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಏರ್ ಕಂಡಿಷನರ್ ಮತ್ತು ದೊಡ್ಡ ಟಿ.ವಿ. ಶೇ 28ರಿಂದ 18ಕ್ಕೆ ಇಳಿದವು. ಲ್ಯಾಪ್‌ಟಾಪ್ ಇದ್ದಲ್ಲೇ ಉಳಿಯಿತು. ಈಗ ಎಸಿಗೂ ಓದುವ ಯಂತ್ರಕ್ಕೂ ಒಂದೇ ತೆರಿಗೆ!

ನಾನು ರೋಣ ತಾಲ್ಲೂಕಿನ ಹಳ್ಳಿಯವನು, ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮೂರನೇ ವರ್ಷದ ಬಿಇ ಓದುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ‘ಯಾವ ಕಂಪನಿದು ತಗೋಬೇಕೋ ತಮ್ಮಾ?’ ಈ ಪ್ರಶ್ನೆಗೆ ಉತ್ತರ ಹೇಳುವುದನ್ನೇ ನಾನು ಬಿಟ್ಟಿದ್ದೇನೆ. ಎಲ್ಲ ಕಂಪನಿಗಳೂ ಒಳ್ಳೆಯದನ್ನೂ ಮಾಡುತ್ತವೆ, ಕೆಟ್ಟದ್ದನ್ನೂ ಮಾಡುತ್ತವೆ. ನಮ್ಮ ಕಡೆಯವರು ಕೇಳಬೇಕಾದದ್ದು ಬೇರೆ: ಇದು ನಾಲ್ಕು ವರ್ಷ ಬಾಳುತ್ತದೆಯೇ? ಮೂರನೇ ವರ್ಷ ಕೆಟ್ಟರೆ ಬಿಚ್ಚುವವರು ಯಾರು, ಎಲ್ಲಿದ್ದಾರೆ? ಬೆಂಗಳೂರಿನ ಹುಡುಗ ಕೊಳ್ಳುವ ಲ್ಯಾಪ್‌ಟಾಪ್ ಗಜೇಂದ್ರಗಡದ ಹುಡುಗಿಗೂ ಒಳ್ಳೆಯದೇ ಆಗಿರಬೇಕೆಂದಿಲ್ಲ. ಯೂಟ್ಯೂಬಿನಲ್ಲಿ ವಿಮರ್ಶೆ ಮಾಡುವವರು ವೇಗ ಅಳೆಯುತ್ತಾರೆ, ಪರದೆಯ ಬಣ್ಣ ಅಳೆಯುತ್ತಾರೆ, ಸರ್ವಿಸ್ ಸೆಂಟರಿಗೆ ಎಷ್ಟು ಬಸ್ ಬದಲಿಸಬೇಕು ಎಂಬುದನ್ನು ಅಳೆಯುವುದಿಲ್ಲ.

ಮೊದಲು ಅಂಗಡಿಯ ಮಾತನ್ನೇ ತೆಗೆದುಕೊಳ್ಳೋಣ. ‘ಇದು ಐ-ಫೈವ್ ಐತಿ, ಅದು ಬರೇ ಐ-ತ್ರೀ, ನೀವ ನೋಡ್ರಿ’ ಎನ್ನುತ್ತಾರೆ. ಐ5 ಎಂಬುದು ಮನೆತನದ ಹೆಸರಷ್ಟೇ. ಇಂಟೆಲ್‌ನ ಮೊದಲ ಐ5 ಬಂದದ್ದು 2009ರಲ್ಲಿ. ಅದೂ ಐ5, ಇವತ್ತಿನದೂ ಐ5. ನೋಡಬೇಕಾದದ್ದು ಅದರ ಮುಂದಿನ ಅಂಕಿ. ಹನ್ನೊಂದನೇ ಪೀಳಿಗೆಯ ಐ5-1135ಜಿ7ನಲ್ಲಿ ನಾಲ್ಕು ಕೋರ್‌ಗಳಿದ್ದರೆ, ಹನ್ನೆರಡನೇ ಪೀಳಿಗೆಯ ಐ3-1215ಯುನಲ್ಲಿ ಆರು ಕೋರ್‌ಗಳಿವೆ. ಹಳೆಯ ದಾಸ್ತಾನು ಖಾಲಿ ಮಾಡುವ ಆತುರದಲ್ಲಿರುವ ಅಂಗಡಿಯಾತ ಇದನ್ನು ತಾನಾಗಿ ಹೇಳುವುದಿಲ್ಲ.

ಎಎಂಡಿಯ ಹೆಸರುಗಳು ಇನ್ನೂ ಮೋಜಿನವು. ರೈಜೆನ್ 5 7520ಯು, ರೈಜೆನ್ 5 7530ಯು – ಎರಡೂ ಹೆಸರು ಕೇಳಿದರೆ ಅಣ್ಣ-ತಮ್ಮ ಅನ್ನಿಸುತ್ತದೆ. ಮೊದಲ ಅಂಕಿ 7 ಎಂದರೆ 2023ರ ಸರಣಿ ಎಂದರ್ಥ. ಆದರೆ ಒಳಗಿನ ವಿನ್ಯಾಸ ಯಾವ ಕಾಲದ್ದು ಎಂಬುದು ಮೂರನೇ ಅಂಕಿಯಲ್ಲಿ ಅಡಗಿದೆ. 7520ಯುನ ಮೂರನೇ ಅಂಕಿ 2, ಅಂದರೆ ಝೆನ್ 2. ಅದು 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. 7530ಯು ಝೆನ್ 3. 2020ರ ವಿನ್ಯಾಸ, ಆರು ಕೋರ್. ಒಂದೇ ಒಂದು ಅಂಕಿಯ ವ್ಯತ್ಯಾಸ, ಒಳಗೆ ಒಂದು ತಲೆಮಾರು ಮತ್ತು ಎರಡು ಕೋರ್‌ಗಳ ಅಂತರ. ನಮ್ಮಲ್ಲಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರೆಯೇ ಹೊರತು ಕೋಡಿಗೆ ಬಳಿದ ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಆ ಮೂರನೇ ಅಂಕಿಯೇ ಹಲ್ಲು. ಹಾಗೆಂದು 7520ಯು ಕೆಲಸಕ್ಕೆ ಬಾರದ್ದು ಎಂದಲ್ಲ. ಕಡಿಮೆ ಬೆಲೆಗೆ ಸಿಕ್ಕರೆ ಬರೆಯಲು, ಓದಲು, ಸಣ್ಣ ಪ್ರೋಗ್ರಾಂ ಮಾಡಲು ಸಾಕು. ಅದನ್ನು 7530ಯುನ ಬೆಲೆಗೆ ಕೊಳ್ಳಬಾರದು ಅಷ್ಟೇ. ಜೊತೆಗೆ ಅದಕ್ಕೆ ಇನ್ನೊಂದು ಕಟ್ಟಿದೆ: ಅದರೊಂದಿಗೆ ಬರುವ ಎಲ್‌ಪಿಡಿಡಿಆರ್5 ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ.

ಈ ಬೆಸುಗೆಯ ವಿಷಯ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ವಿಂಡೋಸ್ 11 ಸುಮ್ಮನೆ ಕುಳಿತರೂ ಮೂರ‍್ನಾಲ್ಕು ಜಿಬಿ ರ‍್ಯಾಮ್ ತಿನ್ನುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್‌ನಿಂದ ಪಾಲು ಕೇಳುತ್ತದೆ. ಎಂಟು ಜಿಬಿಯಲ್ಲಿ ಬ್ರೌಸರ್, ಕೋಡ್ ಎಡಿಟರ್, ಪಿಡಿಎಫ್ ನೋಟ್ಸ್ ತೆರೆದರೆ ಉಸಿರು ಕಟ್ಟುತ್ತದೆ. ಆಂಡ್ರಾಯ್ಡ್ ಸ್ಟುಡಿಯೊವನ್ನು ಎಮ್ಯುಲೇಟರ್ ಸಮೇತ ಓಡಿಸಬೇಕಾದರೆ ಗೂಗಲ್ಲೇ 16 ಜಿಬಿ ಕೇಳುತ್ತದೆ. ಇವತ್ತು ಎಂಟು ಸಾಕೆಂದು ಕೊಂಡವರಿಗೆ ಮೂರನೇ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಹದಿನಾರು ಬೇಕಾಗುತ್ತದೆ. ಒಳಗೆ ಒಂದು ಖಾಲಿ ಸ್ಲಾಟ್ ಇದ್ದರೆ ಒಂದು ಕಡ್ಡಿ ಹಾಕಿಸಿದರಾಯಿತು, ಅರ್ಧ ಗಂಟೆಯ ಕೆಲಸ. ಎಲ್ಲವನ್ನೂ ಬೆಸೆದಿದ್ದರೆ ಇಡೀ ಲ್ಯಾಪ್‌ಟಾಪನ್ನೇ ಬದಲಿಸಬೇಕು. ತೆಳ್ಳಗೆ, ಹಗುರ, ಅಲ್ಯೂಮಿನಿಯಂ ಮೈ ಎಂದೆಲ್ಲ ಜಾಹೀರಾತಿನಲ್ಲಿ ಮಿನುಗುವ ಯಂತ್ರಗಳಲ್ಲಿ ಈ ಬೆಸುಗೆಯೇ ಹೆಚ್ಚು.

ಒಂದು ಮಾತು ಮಾತ್ರ ಈಗ ಬದಲಾಗಿದೆ. ‘ಮೊದಲು 8 ಜಿಬಿ ತಗೊ, ಆಮೇಲೆ ಅಗ್ಗದಲ್ಲಿ ಹಾಕಿಸು’ ಎಂಬುದು ನಮ್ಮ ಸೀನಿಯರ್‌ಗಳ ವೇದವಾಕ್ಯವಾಗಿತ್ತು. 2025ರ ಕೊನೆಯ ತಿಂಗಳುಗಳಿಂದ ಜಗತ್ತಿನಾದ್ಯಂತ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥವರು ಬಿಡಿಯಾಗಿ ಕೊಳ್ಳುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಾವು ಚಾಟ್‌ಜಿಪಿಟಿಗೆ ಅಸೈನ್‌ಮೆಂಟ್ ಬರೆಸಿದ್ದರ ಬಿಲ್ಲು ಹೀಗೆ ಸುತ್ತಿ ಬಳಸಿ ನಮ್ಮ ಮನೆಗೇ ಬರುತ್ತಿದೆ ಎಂದು ಹಾಸ್ಟೆಲ್‌ನಲ್ಲಿ ನಗಾಡುತ್ತೇವೆ. ಹೀಗಾಗಿ ಈಗ 8 ಮತ್ತು 16ರ ನಡುವಿನ ಬೆಲೆ ವ್ಯತ್ಯಾಸವನ್ನು ಬಿಡಿ ರ‍್ಯಾಮ್‌ನ ಅಂದಿನ ಬೆಲೆಯೊಂದಿಗೆ ಹೋಲಿಸಿಯೇ ತೀರ್ಮಾನಿಸಬೇಕು. ಸ್ಲಾಟ್ ಬೇಕೆಂಬುದು ಮಾತ್ರ ಬದಲಾಗಿಲ್ಲ. ಬೆಲೆ ನಾಳೆ ಇಳಿಯಬಹುದು, ಬೆಸುಗೆ ಬಿಚ್ಚುವುದಿಲ್ಲ.

ಸ್ಟೋರೇಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ 512 ಜಿಬಿ ಇರಲಿ. ಇಎಂಎಂಸಿ ಎಂದು ಬರೆದಿದ್ದರೆ ಎದ್ದು ಬನ್ನಿ. ಪರದೆ ಐಪಿಎಸ್ ಆಗಿದ್ದರೆ ಒಳ್ಳೆಯದು, ನಾಲ್ಕು ವರ್ಷ ಕಣ್ಣು ನಿಮ್ಮವೇ.

ಇನ್ನು ಗೇಮಿಂಗ್ ಲ್ಯಾಪ್‌ಟಾಪಿನ ಆಸೆ. ‘ಮಷೀನ್ ಲರ್ನಿಂಗ್ ಕಲಿಯಾಕ ಗ್ರಾಫಿಕ್ಸ್ ಕಾರ್ಡ್ ಬೇಕ ಬೇಕು’ ಎಂದು ಅಪ್ಪನಿಗೆ ಹೇಳಿ ಎಪ್ಪತ್ತು ಸಾವಿರ ಕೇಳುವವರನ್ನು ನಾನು ಬಲ್ಲೆ. ಗೂಗಲ್ ಕೋಲ್ಯಾಬ್‌ನಲ್ಲಿ ಮಿತಿಯೊಳಗೆ ಜಿಪಿಯು ಉಚಿತವಾಗಿ ಸಿಗುತ್ತದೆ. ಬಿಇ ಮಟ್ಟದ ಪ್ರಾಜೆಕ್ಟಿಗೆ ಬಹುಪಾಲು ಅಷ್ಟು ಸಾಕು. ನಮ್ಮ ಎಲೆಕ್ಟ್ರಾನಿಕ್ಸ್‌ನವರಿಗೆ ಐಐಟಿ ಬಾಂಬೆಯ ಫಾಸಿ ತಂಡದ ಇಸಿಮ್ ಇದೆ, ಸರ್ಕ್ಯೂಟ್ ಸಿಮ್ಯುಲೇಷನ್ ಅದರಲ್ಲೇ ಆಗುತ್ತದೆ, ಕಾಸು ಖರ್ಚಿಲ್ಲ. ಮ್ಯಾಟ್‌ಲ್ಯಾಬ್ ಆನ್‌ಲೈನ್ ತಿಂಗಳಿಗೆ 20 ಗಂಟೆ ಉಚಿತ. ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ಆಟೊಕ್ಯಾಡ್ ಅನ್ನು ಉಚಿತವಾಗಿಯೇ ಕೊಡುತ್ತದೆ. ಮೆಕ್ಯಾನಿಕಲ್, ಸಿವಿಲ್‌ನವರು ದೊಡ್ಡ ತ್ರೀಡಿ ಮಾದರಿಗಳ ಮೇಲೆ ನಿಜವಾಗಿ ಕೆಲಸ ಮಾಡುವುದಾದರೆ ಗ್ರಾಫಿಕ್ಸ್ ಕಾರ್ಡಿಗೆ ಒಂದು ಅರ್ಥವಿದೆ. ಉಳಿದವರಿಗೆ ಅದು ಎರಡೂಕಾಲು ಕಿಲೊ ತೂಕ, ಇಟ್ಟಿಗೆಯಂಥ ಚಾರ್ಜರ್ ಮತ್ತು ಬೇಗ ಬರಿದಾಗುವ ಬ್ಯಾಟರಿ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುತ್ತಲೇ ಇರುತ್ತವೆ. ಕೆಳಗೆ ಊರಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೆಸ್ಕಾಂನವರಿಗೇ ಗೊತ್ತು. ನಮ್ಮಲ್ಲಿ ಬ್ಯಾಟರಿಯ ವ್ಯಾಟ್-ಅವರ್ ಲೆಕ್ಕ ಗ್ರಾಫಿಕ್ಸ್ ಕಾರ್ಡಿನ ಹೆಸರಿಗಿಂತ ಹೆಚ್ಚು ಉಪಯೋಗದ್ದು.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. 582209, 582207, 582114. ರೋಣ, ನರಗುಂದ, ಗಜೇಂದ್ರಗಡದ ಪಿನ್‌ಕೋಡ್‌ಗಳಿವು. ಕೊಳ್ಳುವ ಮುನ್ನ ಕಂಪನಿಯ ಜಾಲತಾಣದಲ್ಲೋ ಗ್ರಾಹಕ ಸಹಾಯವಾಣಿಯಲ್ಲೋ ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ: ‘ಇಲ್ಲಿಗೆ ಮನೆಬಾಗಿಲ ಸರ್ವಿಸ್ ಇದೆಯೇ?’ ಪೆಟ್ಟಿಗೆಯ ಮೇಲೆ ಆನ್‌ಸೈಟ್ ವಾರಂಟಿ ಎಂದು ಬರೆದಿದ್ದರೂ ಅದು ಎಲ್ಲ ಊರಿಗೂ ಅನ್ವಯಿಸಬೇಕೆಂದಿಲ್ಲ. ಕೆಲವು ಮಾದರಿಗಳಿಗೆ ಕ್ಯಾರಿ-ಇನ್ ವಾರಂಟಿ ಮಾತ್ರ ಇರುತ್ತದೆ. ಅಂದರೆ ಹೊತ್ತುಕೊಂಡು ಹೋಗುವುದು ನಮ್ಮ ಕೆಲಸ.

ಹೊರುವುದು ಎಂದರೆ ಏನೆಂದು ನನ್ನ ಸಹಪಾಠಿಯೊಬ್ಬಳಿಂದ ಗೊತ್ತಾಯಿತು. ಗಜೇಂದ್ರಗಡದವಳು. ರಜೆಯಲ್ಲಿ ಊರಲ್ಲಿದ್ದಾಗ ಹೊಸ ಲ್ಯಾಪ್‌ಟಾಪಿನ ಹಿಂಜ್ ಬಿರುಕು ಬಿಟ್ಟಿತು. ಗಜೇಂದ್ರಗಡಕ್ಕೆ ರೈಲಿಲ್ಲ, ಬಸ್ಸಿನಲ್ಲಿ ಗದಗ, ಅಲ್ಲಿಂದ ಇನ್ನೂ ಅರವತ್ತು ಕಿಲೊಮೀಟರಿನಷ್ಟು ದೂರದ ಹುಬ್ಬಳ್ಳಿ. ಮೊದಲ ಸಲ ಹೋದಾಗ ಕೊಟ್ಟು ಬಂದಳು. ಎರಡನೇ ಸಲ ಹೋದಾಗ ‘ಇದು ಬಿದ್ದು ಒಡೆದದ್ದು, ವಾರಂಟಿಯಲ್ಲಿ ಬರುವುದಿಲ್ಲ’ ಎಂದರು. ಮೂರನೇ ಸಲ ದುಡ್ಡು ಕಟ್ಟಿ ತಂದಳು. ಶಕ್ತಿ ಯೋಜನೆಯಿಂದಾಗಿ ಬಸ್ ಚಾರ್ಜ್ ಉಳಿಯಿತು, ಮೂರು ದಿನಗಳು ಉಳಿಯಲಿಲ್ಲ. ನಡುವೆ ಒಂದು ಕಂಪನಿಯ ಇಂಟರ್ನ್‌ಶಿಪ್ ಆನ್‌ಲೈನ್ ಪರೀಕ್ಷೆಯಿತ್ತು; ಕ್ಯಾಮೆರಾ ಇರುವ ಕಂಪ್ಯೂಟರೇ ಬೇಕು, ಮೊಬೈಲಿನಲ್ಲಿ ತೆರೆಯುವುದಿಲ್ಲ. ಅವಳು ಬರೆಯಲಿಲ್ಲ. ನನಗೆ ಅವಳ ಆ ಲ್ಯಾಪ್‌ಟಾಪ್ ಎಷ್ಟು ವೇಗದ್ದು ಎಂಬುದು ನೆನಪಿಲ್ಲ.

ಆದ್ದರಿಂದ ನನ್ನ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ಆದರೂ ಪರವಾಗಿಲ್ಲ, ಉಳಿದ ಹಣವನ್ನು ಎರಡು ಅಥವಾ ಮೂರು ವರ್ಷಕ್ಕೆ ವಿಸ್ತರಿಸಿದ ವಾರಂಟಿಗೆ, ಸಾಧ್ಯವಾದರೆ ಬಿದ್ದು ಒಡೆದರೂ ಸರಿಮಾಡಿಕೊಡುವ ಆಕಸ್ಮಿಕ ಹಾನಿ ರಕ್ಷಣೆಗೆ ಹಾಕುವುದೇ ಲೇಸು. ನಮ್ಮ ಲ್ಯಾಪ್‌ಟಾಪ್ ಸಾಗುವ ದಾರಿ ಯಾವುದು ನೋಡಿ: ನಿಂತೇ ಹೋಗುವ ಬಸ್ಸು, ಎರೆಭೂಮಿಯ ದೂಳು, ಏಪ್ರಿಲ್‌ನ ಬಿಸಿಲು. ಇನ್ನೊಂದು ಪರೀಕ್ಷೆ ಸುಲಭ: ಕೊಳ್ಳುವ ಮೊದಲು ಗದಗಿನಲ್ಲೋ ನಿಮ್ಮೂರಲ್ಲೋ ಲ್ಯಾಪ್‌ಟಾಪ್ ರಿಪೇರಿ ಮಾಡುವ ಯಾರನ್ನಾದರೂ ‘ಈ ಮಾದರಿಯ ಕೀಬೋರ್ಡ್, ಬ್ಯಾಟರಿ, ಹಿಂಜ್ ಸಿಗುತ್ತವೆಯೇ?’ ಎಂದು ಕೇಳಿ. ದಿನಾ ಹತ್ತು ಯಂತ್ರ ಬಿಚ್ಚುವವನಿಗೆ ಯಾವುದು ಮತ್ತೆ ಮತ್ತೆ ಬರುತ್ತದೆ ಎಂಬುದು ಗೊತ್ತಿರುತ್ತದೆ. ಅವನಿಗೆ ನಿಮಗೆ ಹೊಸ ಲ್ಯಾಪ್‌ಟಾಪ್ ಮಾರಬೇಕಾದ ಜರೂರಿಲ್ಲ, ಹಾಗಾಗಿ ಅವನ ಮಾತಿಗೆ ತೂಕ ಹೆಚ್ಚು.

ಎಂಟೂವರೆ ಕ್ವಿಂಟಲ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಗಜೇಂದ್ರಗಡದಲ್ಲಿ ಮಗ್ಗದ ಕೂಲಿ ನಂಬಿದ ಮನೆಗಳಿವೆ, ನರಗುಂದದಲ್ಲಿ ಕಾಲುವೆ ನೀರು ಬಾರದೆ ಕೈಸುಟ್ಟುಕೊಂಡವರಿದ್ದಾರೆ. ಅಂಥವರು ಹದಿನೆಂಟೋ ಇಪ್ಪತ್ತೋ ಸಾವಿರಕ್ಕೆ ಸಿಗುವ ಇಎಂಎಂಸಿ ಸ್ಟೋರೇಜಿನ ಹೊಸ ಸೆಲೆರಾನ್ ಯಂತ್ರ ಕೊಳ್ಳುವುದಕ್ಕಿಂತ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಕಡೆ ನೋಡಬೇಕೆಂದು ನನ್ನ ಖಚಿತ ಅಭಿಪ್ರಾಯ. ಇವು ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟು ಮೂರ‍್ನಾಲ್ಕು ವರ್ಷಕ್ಕೆ ಹಿಂಪಡೆದು ಮಾರುವ ಯಂತ್ರಗಳು. ಗಟ್ಟಿ ಮೈ, ಒಳ್ಳೆಯ ಕೀಬೋರ್ಡ್, ಬಹಳಷ್ಟು ಮಾದರಿಗಳಲ್ಲಿ ರ‍್ಯಾಮ್ ಸ್ಲಾಟ್. ಬೆಂಗಳೂರಿನ ಎಸ್‌.ಪಿ. ರಸ್ತೆ ಇದರ ದೊಡ್ಡ ಸಂತೆ, ಹುಬ್ಬಳ್ಳಿಯಲ್ಲೂ ಸಿಗುತ್ತವೆ. ಕೆಪಿಎಸ್‌ಸಿ, ಬ್ಯಾಂಕಿಂಗ್ ಪರೀಕ್ಷೆಗೆ ಓದುತ್ತಿರುವ, ಅಣಕು ಪರೀಕ್ಷೆ ಬರೆಯಲು, ಅರ್ಜಿ ಹಾಕಲು ಯಂತ್ರ ಬೇಕಿರುವ ಗೆಳೆಯರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಆದರೆ ಇಲ್ಲಿ ಹಲ್ಲು ನೋಡುವುದು ಇನ್ನೂ ಮುಖ್ಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ನಂತರದ್ದು ಬೇಕು. ಆರು, ಏಳನೇ ಪೀಳಿಗೆಯ ಯಂತ್ರಗಳು ಈಗ ಅಗ್ಗವಾಗಿ ಕಾಣುವುದಕ್ಕೆ ಅದೇ ಕಾರಣ. ಅವನ್ನು ಕೊಂಡರೆ ಉಬುಂಟು ಹಾಕಿಕೊಂಡು ಬದುಕಲು ಸಿದ್ಧರಿರಬೇಕು. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ಕಷ್ಟವಲ್ಲ, ಆನ್‌ಲೈನ್ ನೇಮಕಾತಿ ಪರೀಕ್ಷೆಗಳಿಗೆ ತೊಡಕಾಗಬಹುದು. ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಒಂದು ವರದಿ ಬರುತ್ತದೆ. ಅದರಲ್ಲಿ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಸಾಲುಗಳಿರುತ್ತವೆ. ಅರ್ಧಕ್ಕಿಂತ ಕೆಳಗಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಬಯಾಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ಎಂದೂ ನೋಡಿ, ಉಳಿದಿದ್ದರೆ ಮುಟ್ಟಬೇಡಿ. ಜಿಎಸ್‌ಟಿ ಬಿಲ್ ಕೊಡದವರ ಬಳಿ ಕೊಳ್ಳಬೇಡಿ.

ಹಣ ಕಟ್ಟುವ ಬಗೆಯ ಬಗ್ಗೆಯೂ ಹೇಳಬೇಕು. ‘ನೋ ಕಾಸ್ಟ್ ಇಎಂಐ’ ಬೋರ್ಡ್ ಇಲ್ಲದ ಅಂಗಡಿ ಈಗ ಇಲ್ಲ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಇದ್ದೇ ಇರುತ್ತದೆ. ಅಷ್ಟನ್ನು ರಿಯಾಯಿತಿಯ ಹೆಸರಲ್ಲಿ ಮುಂಚೆಯೇ ಕಳೆದು ತೋರಿಸುತ್ತಾರೆ, ಅಥವಾ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ನಮಗೆ ತಪ್ಪುತ್ತದೆ. ಮೇಲೆ ಪ್ರೊಸೆಸಿಂಗ್ ಶುಲ್ಕ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಂತು ಪ್ರತಿ ತಿಂಗಳು ಬರುತ್ತದೆ, ನಮ್ಮ ಮನೆಗಳಿಗೆ ದುಡ್ಡು ಬರುವುದು ಹೆಸರು ಬಂದಾಗ ಒಮ್ಮೆ, ಕಡಲೆ ಬಂದಾಗ ಒಮ್ಮೆ. ಎರಡು ಕಂತು ತಪ್ಪಿದರೆ ಅಪ್ಪನ ಸಿಬಿಲ್ ಅಂಕ ಕುಸಿಯುತ್ತದೆ, ಮುಂದೆ ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೋ ತಂಗಿಯ ಶಿಕ್ಷಣ ಸಾಲಕ್ಕೋ ಅದೇ ಅಡ್ಡ ಬರುತ್ತದೆ. ಹತ್ತು ಸಾವಿರ ಕಡಿಮೆ ಬೆಲೆಯ ಯಂತ್ರವನ್ನು ನಗದಿಗೆ ಕೊಳ್ಳುವುದು ನಮ್ಮಂಥವರಿಗೆ ಒಳಿತು.

ಇಷ್ಟೆಲ್ಲ ಲೆಕ್ಕವನ್ನು ಹದಿನೆಂಟರ ಹುಡುಗ-ಹುಡುಗಿಯರೂ, ಕಂಪ್ಯೂಟರ್ ಮುಟ್ಟದ ಅವರ ತಂದೆ-ತಾಯಿಗಳೂ ತಾವೇ ಮಾಡಬೇಕೇ? ನನ್ನ ತಕರಾರು ಇರುವುದು ಇಲ್ಲಿ. ಶುಲ್ಕದ ಪಟ್ಟಿ, ಸಮವಸ್ತ್ರದ ಪಟ್ಟಿ, ಡ್ರಾಫ್ಟರ್-ಕ್ಯಾಲ್ಕ್ಯುಲೇಟರ್‌ಗಳ ಪಟ್ಟಿ ಪ್ರವೇಶದ ದಿನವೇ ಕೈಗೆ ಬರುತ್ತದೆ. ಎಲ್ಲಕ್ಕಿಂತ ದುಬಾರಿಯಾದ ಲ್ಯಾಪ್‌ಟಾಪ್ ಬಗ್ಗೆ ಮಾತ್ರ ಒಂದು ಸಾಲು ಇರುವುದಿಲ್ಲ. ವಿಟಿಯುನ 2022ರ ಸ್ಕೀಮಿನಲ್ಲಿ ಮೊದಲ ವರ್ಷ ಸಿ ಪ್ರೋಗ್ರಾಮಿಂಗ್, ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗ್ ಇದ್ದವು. ಎರಡಕ್ಕೂ ಕಾಲೇಜಿನಲ್ಲಿ ಲ್ಯಾಬ್ ಇದೆ. ಸಿ ಪ್ರೋಗ್ರಾಂ ಓಡಿಸಲು ಹತ್ತು ವರ್ಷದ ಹಿಂದಿನ ಯಂತ್ರವೂ ಸಾಕು. ಹಾಗಿದ್ದರೂ ಪ್ರವೇಶದ ವಾರವೇ ಎಲ್ಲರೂ ಅಂಗಡಿಗೆ ಓಡುವುದು, ಯಾವ ವಿಭಾಗಕ್ಕೆ ಎಷ್ಟನೇ ಸೆಮಿಸ್ಟರ್‌ನಲ್ಲಿ ಏನು ಬೇಕು ಎಂದು ಹೇಳುವವರಿಲ್ಲದ್ದರಿಂದ.

ಕಾಲೇಜುಗಳು ಎರಡು ಕೆಲಸ ಮಾಡಲಿ. ಲ್ಯಾಬ್‌ಗಳನ್ನು ಸಂಜೆ ಎಂಟರವರೆಗೆ ತೆರೆದಿಡಲಿ. ತರಗತಿ ಮುಗಿದೊಡನೆ ಬೀಗ ಬಿದ್ದರೆ ಲ್ಯಾಪ್‌ಟಾಪ್ ಇಲ್ಲದವರು ಅಭ್ಯಾಸ ಮಾಡುವುದೆಲ್ಲಿ? ಪ್ರತಿ ವಿಭಾಗದವರೂ ಒಂದು ಪುಟದ ಕನ್ನಡ ಹಾಳೆ ಸಿದ್ಧಪಡಿಸಲಿ. ಕನಿಷ್ಠ ಎಷ್ಟು ರ‍್ಯಾಮ್, ಯಾವ ಪೀಳಿಗೆಯ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ, ಯಾವ ಸೆಮಿಸ್ಟರಿನವರೆಗೆ ಕಾಯಬಹುದು, ಹಳೆಯದು ನಡೆಯುತ್ತದೆಯೇ – ಇಷ್ಟು ಸಾಕು, ಯಾವ ಕಂಪನಿಯ ಹೆಸರೂ ಬೇಡ. ಕಟ್ಟಡ ಕಾರ್ಮಿಕರ ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದ ವಿದ್ಯಾರ್ಥಿಗಳಿಗೆ ಸರ್ಕಾರ ಲ್ಯಾಪ್‌ಟಾಪ್ ಹಂಚಿದ್ದುಂಟು. ಅಂಥ ಯೋಜನೆಗಳ ಅರ್ಜಿ ಕರೆದಿದ್ದರೆ ಅದನ್ನೂ ಆ ಹಾಳೆಯಲ್ಲಿ ಸೇರಿಸಲಿ. ವಿಭಾಗದ ಇಬ್ಬರು ಅಧ್ಯಾಪಕರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸವಿದು.

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಈ ವರ್ಷವೂ ನರಗುಂದದ ಕಡೆಯ ಅಪ್ಪಂದಿರು ಟವೆಲ್ಲಿನಲ್ಲಿ ದುಡ್ಡು ಸುತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಆ ಹಾಳೆ ಕಿಸೆಯಲ್ಲಿದ್ದರೆ ಅದನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಹರವಿ, ‘ಇದರಾಗ ಬರದದ್ದು ಇದರಾಗ ಐತೇನ್ರೀ?’ ಎಂದು ಕೇಳಲು ಅವರಿಗೆ ಬರುತ್ತದೆ.